ಹೆಸರು ಅದೇ, ಡಬ್ಬ ಅದೇ, ದನಿ ಬೇರೆ: ಒಂದೇ ಮಾಡೆಲಿನ ಎರಡು ಹೆಡ್‌ಫೋನ್ ಬಳಸಿದ ಮೇಲೆ

ಡಿಸೆಂಬರ್ 2018ರಲ್ಲಿ ಮೈಸೂರಿನ ದೇವರಾಜ ಅರಸು ರಸ್ತೆಯ ಒಂದು ಅಂಗಡಿಯಲ್ಲಿ ಈ ಹೆಡ್‌ಫೋನ್ ಕೊಂಡೆ. ವೈರ್ ಇರುವುದು, ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ಬೆಲೆ ಆಗ ಹನ್ನೊಂದು ಸಾವಿರದ ಹತ್ತಿರ. ಕಂಪನಿಯ ಹೆಸರನ್ನು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಮಾತೆಲ್ಲ ಆ ಕಂಪನಿ ಒಳ್ಳೆಯದೋ ಕೆಟ್ಟದ್ದೋ ಎನ್ನುವ ಕಡೆಗೇ ಹೋಗಿಬಿಡುತ್ತದೆ. ನನಗೆ ಹೇಳಬೇಕಾಗಿರುವುದು ಬೇರೆ.

ಮೊದಲು ನನ್ನ ಬಳಕೆ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಅರ್ಥವಾಗುವುದಿಲ್ಲ. ಕಣ್ಣು ಕಾಣದ ಮಕ್ಕಳಿಗಾಗಿ ನಾವು ಕೆಲವರು ಸೇರಿ ಕನ್ನಡ ಪಾಠಗಳನ್ನು ಓದಿ ರೆಕಾರ್ಡ್ ಮಾಡುತ್ತೇವೆ. ಓದುವವರು ಬೇರೆ, ನನ್ನದು ಆಮೇಲಿನ ಕೆಲಸ. ಉಸಿರಿನ ಸದ್ದು ತೆಗೆಯುವುದು, ಫ್ಯಾನಿನ ಗುಂಯ್ ಕಡಿಮೆ ಮಾಡುವುದು, ಚುಚ್ಚುವ 'ಸ'ಕಾರಗಳನ್ನು ಹದಕ್ಕೆ ತರುವುದು. ಸರಸ್ವತಿಪುರಂನ ನಮ್ಮ ಮನೆಯ ಮೂಲೆ ಕೋಣೆಯಲ್ಲಿ ರಾತ್ರಿ ಊಟವಾದ ಮೇಲೆ ಎರಡು ಗಂಟೆ, ಭಾನುವಾರ ಇನ್ನೂ ಜಾಸ್ತಿ, ಈ ಹೆಡ್‌ಫೋನ್ ನನ್ನ ತಲೆಯ ಮೇಲೆಯೇ ಇರುತ್ತದೆ.

ಈ ಕೆಲಸಕ್ಕೆ ಹಳೆಯ ಹೆಡ್‌ಫೋನ್ ನನಗೆ ತುಂಬಾ ಇಷ್ಟ. ಮನುಷ್ಯರ ದನಿ ಇದ್ದ ಹಾಗೇ ಕೇಳಿಸುತ್ತದೆ, ಸುಮ್ನೆ ಬೇಸ್ ತುಂಬಿ ಮೆಚ್ಚಿಸಲು ನೋಡುವುದಿಲ್ಲ. ಮೂರು ಗಂಟೆ ಹಾಕಿಕೊಂಡರೂ ಕಿವಿ ನೋಯುವುದಿಲ್ಲ, ಬೇಸಿಗೆಯಲ್ಲಿ ಬೆವರುತ್ತದೆ ಅಷ್ಟೆ. ಕೇಬಲ್ ಒಂದು ಸಲ ಬದಲಾಯಿಸಿದ್ದೇನೆ. ಹೆಡ್‌ಬ್ಯಾಂಡಿನ ಮೇಲ್ಪದರ 2022ರಲ್ಲಿ ಸುಲಿಯಲು ಶುರುವಾಯಿತು, ಅಮ್ಮ ಹತ್ತಿ ಬಟ್ಟೆಯ ಕವಚ ಹೊಲಿದು ಕೊಟ್ಟರು. ಇಷ್ಟು ವರ್ಷಕ್ಕೆ ಇಷ್ಟೇ ರಿಪೇರಿ.

ಈಗ ಎರಡನೆಯದರ ವಿಷಯ. ಮಂಡ್ಯದಲ್ಲಿರುವ ನನ್ನ ಚಿಕ್ಕಮ್ಮನ ಮಗನೂ ಈ ಕೆಲಸಕ್ಕೆ ಸೇರಿಕೊಂಡ. ಇಬ್ಬರೂ ಒಂದೇ ಪುಸ್ತಕದ ಬೇರೆ ಬೇರೆ ಪಾಠ ಮಾಡಬೇಕು. ಇಬ್ಬರ ಕಿವಿಗೂ ಒಂದೇ ಥರ ಕೇಳಿಸಿದರೆ ತಾನೇ ಪುಸ್ತಕ ಒಂದೇ ಥರ ಬರುವುದು? ಅದಕ್ಕೇ ಬೇರೆ ಯಾವುದನ್ನೂ ನೋಡದೆ ಆಗಸ್ಟ್ 2024ರಲ್ಲಿ ಅದೇ ಮಾಡೆಲನ್ನು ಆನ್‌ಲೈನಲ್ಲಿ ತರಿಸಿ ಅವನ ಮನೆಗೆ ಕಳಿಸಿದೆ. ಹೆಸರು ಅದೇ, ಡಬ್ಬದ ಮೇಲಿನ ಚಿತ್ರ ಅದೇ, ಮಾಡೆಲ್ ನಂಬರಿನಲ್ಲಿ ಒಂದು ಅಕ್ಷರವೂ ವ್ಯತ್ಯಾಸವಿಲ್ಲ.

ಅವನು ಮಾಡಿ ಕಳಿಸಿದ ನಾಲ್ಕನೆಯ ಮತ್ತು ಐದನೆಯ ಪಾಠ ಕೇಳಿದಾಗ ನನಗೆ ಗಾಬರಿಯಾಯಿತು. ಓದಿದವರಿಗೆ ನೆಗಡಿಯಾಗಿದೆಯೇನೋ ಎನ್ನುವ ಹಾಗಿತ್ತು. 'ಸ' ಎನ್ನುವುದು ಸತ್ತೇ ಹೋಗಿತ್ತು, 'ಶಾಲೆ' ಅಂದರೂ 'ಸಾಲು' ಅಂದರೂ ಒಂದೇ ಮಂಕು ಸದ್ದು. ಕೇಳಿಯೇ ಅಕ್ಷರ ಕಲಿಯುವ ಮಗುವಿಗೆ ಇದನ್ನು ಹೇಗೆ ಕೊಡುವುದು? ಫೋನ್ ಮಾಡಿ, ಯಾಕಪ್ಪಾ ಇಷ್ಟೊಂದು ಕಡಿಮೆ ಮಾಡಿದ್ದೀಯ ಅಂತ ಕೇಳಿದೆ. "ನಂಗೆ ಸ ಅಂದ್ರೆ ಸೂಜಿ ಚುಚ್ದಂಗೆ ಆಯ್ತದೆ ಕಣಕ್ಕ, ಅದಕ್ಕೇ ಇಳಿಸ್ದೆ" ಅಂದ. ಕೆಲಸಕ್ಕೆ ಹೊಸಬ, ಕಿವಿ ಇನ್ನೂ ಪಳಗಿಲ್ಲ ಅಂದುಕೊಂಡು ಒಂದು ತಿಂಗಳು ಅವನನ್ನೇ ತಿದ್ದುತ್ತಾ ಕೂತೆ. ಈಗ ನೆನೆಸಿಕೊಂಡರೆ ಬೇಜಾರಾಗುತ್ತದೆ. ಅವನ ಕಿವಿ ಸರಿಯಾಗಿಯೇ ಇತ್ತು.

ದಸರೆಗೆ ಅವನು ಮೈಸೂರಿಗೆ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ಒಂದೇ ಲ್ಯಾಪ್‌ಟಾಪ್, ಒಂದೇ ಪಾಠ. ಜೋರಾಗಿ ಕೇಳುವುದು ಯಾವಾಗಲೂ ಚೆನ್ನಾಗಿಯೇ ಕೇಳಿಸುತ್ತದೆ, ಆದ್ದರಿಂದ ಎರಡರ ದನಿಯ ಮಟ್ಟವನ್ನೂ ಆದಷ್ಟು ಸಮ ಮಾಡಿಕೊಂಡೆವು. ಕಣ್ಣು ಮುಚ್ಚಿ ಕೂತವರಿಗೆ ಅಮ್ಮ ಒಂದೊಂದನ್ನೇ ಹಾಕುತ್ತಿದ್ದರು. ಹತ್ತು ಸಲದಲ್ಲಿ ಒಂಬತ್ತು ಸಲ ಅವನು ಯಾವುದು ಯಾವುದೆಂದು ಸರಿಯಾಗಿ ಹೇಳಿದ. ಆದರೆ ಈ ಪರೀಕ್ಷೆಯನ್ನು ನಾನು ಪೂರ್ತಿ ನಂಬಲಿಲ್ಲ, ಯಾಕೆಂದರೆ ಹೊಸದರ ಹಿಡಿತ ಸ್ವಲ್ಪ ಬಿಗಿ, ತಲೆಗೆ ಹಾಕಿದ ತಕ್ಷಣ ಗೊತ್ತಾಗಿಬಿಡುತ್ತದೆ.

ಆಮೇಲೆ ಕೊನೆಗೆ ಅಮ್ಮನ ಕಿವಿಗೇ ಹಾಕಿದೆವು. 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಿಂದಲೇ ರೇಡಿಯೊ ಕೇಂದ್ರ ಶುರುಮಾಡಿದ, ಅದಕ್ಕೆ 'ಆಕಾಶವಾಣಿ' ಅನ್ನುವ ಹೆಸರು ಬಂದ ಊರು ನಮ್ಮದು. ಅಮ್ಮ ಅಡುಗೆಮನೆಯಲ್ಲಿ ಆ ಆಕಾಶವಾಣಿ ಕೇಳಿಕೊಂಡೇ ಐವತ್ತು ವರ್ಷ ಕಳೆದವರು. ಹೊಸದನ್ನು ಅರ್ಧ ನಿಮಿಷ ಕೇಳಿ, "ಇದರಲ್ಲಿ ಆ ಹುಡುಗಿ ಹಲ್ಲು ಕಚ್ಚಿಕೊಂಡು ಓದಿದ ಹಾಗಿದೆ" ಅಂದರು. ನಾನು ಒಂದು ತಿಂಗಳಿಂದ ಕಂಡುಹಿಡಿಯಲಾಗದೆ ಒದ್ದಾಡಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟರು.

ಕಾರಣ ಏನು? ಕಿವಿಯ ಸುತ್ತ ಕೂರುವ ಹಳೆಯ ಮೆತ್ತನೆ ಪ್ಯಾಡ್ ಆರು ವರ್ಷದಲ್ಲಿ ಚಪ್ಪಟೆಯಾಗಿ ದನಿ ಬದಲಾಗಿರಬಹುದು ಅಂತ ನನಗೂ ಅನ್ನಿಸಿತು. ಪ್ಯಾಡ್ ಸವೆದರೆ ಗಾಳಿ ಸೋರಿ ಬೇಸ್ ಕಡಿಮೆಯಾಗುತ್ತದೆ, ಕಿವಿಗೂ ಒಳಗಿನ ಡ್ರೈವರಿಗೂ, ಅಂದರೆ ಸಣ್ಣ ಸ್ಪೀಕರಿಗೂ, ಇರುವ ದೂರವೂ ಕಡಿಮೆಯಾಗುತ್ತದೆ. ಪುಣ್ಯಕ್ಕೆ 2020ರಲ್ಲಿ ಕೊಂಡಿಟ್ಟಿದ್ದ ಕಂಪನಿಯದೇ ಪ್ಯಾಡ್ ಒಂದು ಜೊತೆ ಬೀರುವಿನಲ್ಲಿ ಪ್ಯಾಕೆಟ್ಟನ್ನೂ ಒಡೆಯದೆ ಹಾಗೇ ಇತ್ತು. ಅದನ್ನು ಹೊಸ ಹೆಡ್‌ಫೋನಿಗೆ ಹಾಕಿದೆ. ಚುಚ್ಚುವುದು ಹೋಯಿತು! ಹೊಸದರ ಪ್ಯಾಡನ್ನು ನನ್ನ ಹಳೆಯದಕ್ಕೆ ಹಾಕಿದೆ, ಸೂಜಿ ಇಲ್ಲಿಗೆ ಬಂತು. ಎರಡೂ ಪ್ಯಾಡ್ ಬಿಚ್ಚಿ ಬೆಳಕಿಗೆ ಹಿಡಿದರೆ ಎಲ್ಲ ಕಾಣಿಸುತ್ತದೆ. ಹಳೆಯದರ ಒಳಬದಿಯ ಸುತ್ತ ಸಣ್ಣ ಸಣ್ಣ ತೂತುಗಳಿವೆ, ಹೊಸದರಲ್ಲಿ ನುಣ್ಣಗೆ ಮುಚ್ಚಿದ ಚರ್ಮ. ತೂತಿದ್ದರೆ ಒಳಗಿನ ಫೋಮ್ ಒಂದಿಷ್ಟು ಸದ್ದನ್ನು ಹೀರಿಕೊಳ್ಳುತ್ತದೆ, ಮುಚ್ಚಿದ್ದರೆ ಆ ಸದ್ದು ತಿರುಗಿ ಕಿವಿಗೇ ಬರುತ್ತದೆ. 'ಸ'ಕಾರದ ಜೋರು ಇರುವುದು ಹೆಚ್ಚು ಕಡಿಮೆ 5 ಸಾವಿರ ಹರ್ಟ್ಸ್‌ನಿಂದ ಮೇಲಕ್ಕೆ, ಅಲ್ಲೇ ಇದರ ಪೆಟ್ಟು ಬಿದ್ದಿತ್ತು. ಅಂದರೆ ಮಂಡ್ಯದಲ್ಲಿ ಕೂತ ಹುಡುಗ ರೆಕಾರ್ಡಿಂಗಿನಲ್ಲಿ ಇಲ್ಲದ ತೊಂದರೆಯನ್ನು ಎರಡು ತಿಂಗಳು ತಿದ್ದಿದ್ದ. ಒಟ್ಟು ಏಳು ಪಾಠ ಮತ್ತೆ ಮಾಡಬೇಕಾಯಿತು.

ಕಂಪನಿಗೆ ಬರೆದೆ. ಮೊದಲ ಉತ್ತರದಲ್ಲಿ ನಿಮ್ಮ ಹೆಡ್‌ಫೋನ್ ನಿಗದಿತ ಮಿತಿಯೊಳಗೇ ಇದೆ, ರಿಪೇರಿ ಬೇಕಿದ್ದರೆ ಬಿಲ್ ಕಳಿಸಿ ಅಂತಿತ್ತು. ರಿಪೇರಿ ಬೇಡ, ಪ್ಯಾಡ್ ಬದಲಾಗಿದೆಯಾ ಹೇಳಿ ಅಂತ ಎರಡರ ಫೋಟೊ ಹಾಕಿ ಮತ್ತೆ ಬರೆದೆ. ಉತ್ಪನ್ನವನ್ನು ಸದಾ ಉತ್ತಮಪಡಿಸುತ್ತಿರುತ್ತೇವೆ ಅಂತ ಬಂತು. ಯಾವುದನ್ನು ಉತ್ತಮಪಡಿಸಿದಿರಿ, ಯಾವಾಗಿನಿಂದ, ಅಂತ ಕೇಳಿದ್ದಕ್ಕೆ ಮೂರು ವಾರ ಸದ್ದಿಲ್ಲ. ಆಮೇಲೆ ಒಂದು ದಿನ ಸರ್ವಿಸ್ ಕಡೆಯವರು ಒಬ್ಬರು ಫೋನ್ ಮಾಡಿದರು. ಪಾಪ, ತುಂಬಾ ತಾಳ್ಮೆಯಿಂದ ಮಾತಾಡಿದರು. ಪ್ಯಾಡ್ ಮಾಡಿಕೊಡುತ್ತಿದ್ದವರು ಬದಲಾಗಿದ್ದಾರೆ ಮೇಡಂ, ಈಗ ಬರುವುದೆಲ್ಲ ಇದೇ, ಹಳೆಯದು ನಮ್ಮ ಹತ್ತಿರವೂ ಇಲ್ಲ ಅಂದರು. ಎರಡು ನಿಮಿಷದ ಮಾತು. ಇದನ್ನು ಮೊದಲ ದಿನವೇ ತಮ್ಮ ವೆಬ್‌ಸೈಟಿನಲ್ಲಿ ಒಂದು ಸಾಲು ಹಾಕಿದ್ದರೆ ನಾನು ಆ ಹುಡುಗನನ್ನು ಒಂದು ತಿಂಗಳು ಬೈಯುತ್ತಿರಲಿಲ್ಲ.

ಬದಲಾಯಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಬಿಡಿಭಾಗ ಕೊಡುವವರು ಅಂಗಡಿ ಮುಚ್ಚುತ್ತಾರೆ, ಅಂಟು ಬದಲಾಗುತ್ತದೆ, ಕಾರ್ಖಾನೆ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತದೆ, ಇದೆಲ್ಲ ಗೊತ್ತಿರುವುದೇ. ಹೇಳಿ ಬದಲಾಯಿಸಿ ಅಷ್ಟೆ. ಹೇಳುವವರೂ ಇದ್ದಾರೆ. ಗ್ರಾಡೊ ಕಂಪನಿ ತನ್ನ ಹಳೆಯ ಮಾಡೆಲ್‌ಗಳನ್ನೇ ತಿದ್ದಿ 2014ರಲ್ಲಿ ಹೆಸರಿನ ಕೊನೆಗೆ 'ಇ' ಸೇರಿಸಿತು, 2021ರಲ್ಲಿ 'ಎಕ್ಸ್' ಸೇರಿಸಿತು. ಎಸ್‌ಆರ್60ಇ ಅಂದರೆ ಯಾವ ಕಾಲದ್ದು, ಎಸ್‌ಆರ್60ಎಕ್ಸ್ ಅಂದರೆ ಯಾವ ಕಾಲದ್ದು ಅಂತ ಯಾರನ್ನೂ ಕೇಳುವ ಅಗತ್ಯವಿಲ್ಲ. ಆಡಿಯೊ ಟೆಕ್ನಿಕಾದ ಎಂ50 ಇತ್ತಲ್ಲ, ಅದಕ್ಕೆ ಬಿಚ್ಚಿ ಹಾಕುವ ಕೇಬಲ್ ಬಂದಾಗ 2014ರಲ್ಲಿ ಎಂ50ಎಕ್ಸ್ ಆಯಿತು. ಒಂದೇ ಒಂದು ಅಕ್ಷರ, ಖರ್ಚೇನೂ ಇಲ್ಲ.

ಆಪಲ್‌ನದು ಅರ್ಧ ಒಳ್ಳೆಯ ಉದಾಹರಣೆ. 2022ರ ಸೆಪ್ಟೆಂಬರಿನಲ್ಲಿ ಬಂದ ಏರ್‌ಪಾಡ್ಸ್ ಪ್ರೊ ಎರಡನೆಯ ತಲೆಮಾರಿನದು, ಮರುವರ್ಷ ಅದೇ ತಿಂಗಳು ಯುಎಸ್‌ಬಿ-ಸಿ ಚಾರ್ಜಿಂಗ್ ಕೇಸಿನೊಂದಿಗೆ ಬಂತು. ಧೂಳು ತಡೆಯುವ ಗುಣವೂ ಸೇರಿದೆ ಅಂತ ಆಗಲೇ ಬಹಿರಂಗವಾಗಿ ಹೇಳಿದರು. ಹೆಸರು ಮಾತ್ರ ಅದೇ ಇಟ್ಟರು, ಹಾಗಾಗಿ ಕೊಳ್ಳುವವರು ಕೇಸಿನ ತಳ ನೋಡಿ ತಿಳಿಯಬೇಕಿತ್ತು. ಆದರೂ ನೋಡಿದರೆ ಗೊತ್ತಾಗುತ್ತದಲ್ಲ, ನನ್ನ ಪ್ಯಾಡಿನ ಹಾಗೆ ಬಿಚ್ಚಿ ಬೆಳಕಿಗೆ ಹಿಡಿಯಬೇಕಾಗಿಲ್ಲ. ಇನ್ನು ಸೆನ್‌ಹೈಸರ್ ಎಚ್‌ಡಿ 650 ಥರ ಇಪ್ಪತ್ತು ವರ್ಷ ದಾಟಿ ಮಾರಾಟವಾಗುವ ಹೆಡ್‌ಫೋನುಗಳಲ್ಲಿ ಯಾವುದು ಹಳೆಯದು ಯಾವುದು ಹೊಸದು ಅಂತ ಬಳಸುವವರೇ ಒಳಗಿನ ಜಾಲರಿಯ ಬಣ್ಣ ನೋಡಿ, ಬೆಳ್ಳಿಯೋ ಕಪ್ಪೋ ಅಂತ, ವರ್ಷಗಟ್ಟಲೆ ಚರ್ಚೆ ಮಾಡುತ್ತಾರೆ.

ವೈರ್ ಇಲ್ಲದವುಗಳಲ್ಲಿ ಇದು ಇನ್ನೂ ಕಷ್ಟ. ಅಲ್ಲಿ ಮನೆಯಲ್ಲಿರುವ ವಸ್ತುವೇ ಒಂದು ರಾತ್ರಿಯಲ್ಲಿ ಬದಲಾಗುತ್ತದೆ. 2019ರಲ್ಲಿ ಬೋಸ್ ಕಂಪನಿಯ ಕ್ಯೂಸಿ35-II ಹೆಡ್‌ಫೋನಿಗೆ 4.5.2 ಅನ್ನುವ ಸಾಫ್ಟ್‌ವೇರ್ ಅಪ್‌ಡೇಟ್ ಬಂದ ಮೇಲೆ ಹೊರಗಿನ ಸದ್ದು ತಡೆಯುವ ಶಕ್ತಿ ಕುಗ್ಗಿದೆ ಅಂತ ತುಂಬಾ ಜನ ದೂರಿದರು. ಕಂಪನಿಯವರು ಕೆಲವರ ಮನೆಗೇ ಹೋಗಿ ಪರೀಕ್ಷೆ ಮಾಡಿದರು, ತಪ್ಪು ಅಪ್‌ಡೇಟಿನದಲ್ಲ ಅಂತ ವರದಿಯನ್ನೂ ಹಾಕಿದರು. ಎಲ್ಲರೂ ಒಪ್ಪಲಿಲ್ಲ. ಒಪ್ಪುವುದು ಬಿಡುವುದು ಆಮೇಲಿನ ಮಾತು, ಮನೆ ಬಾಗಿಲಿಗೆ ಬಂದು ಕೇಳಿ ಬರೆದು ಹಾಕಿದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ ಕೊಳ್ಳುವವರಿಗೆ ಒಂದು ದಾರಿ ಇದೆ. ಡಬ್ಬದ ಮೇಲೆ ಎಂಆರ್‌ಪಿ ಜೊತೆಗೆ ತಿಂಗಳು, ವರ್ಷ, ಯಾವ ದೇಶದ್ದು ಅನ್ನುವ ಬಿಳಿ ಸ್ಟಿಕ್ಕರ್ ಇರುತ್ತದೆ. ಪ್ಯಾಕ್ ಮಾಡಿ ಮಾರುವ ಸರಕಿನ ನಿಯಮ ಅದನ್ನು ಕೇಳುತ್ತದೆ. ನನ್ನದರ ಮೇಲೆ ಅಕ್ಟೋಬರ್ 2018, ತಮ್ಮನದರ ಮೇಲೆ ಮಾರ್ಚ್ 2024. ಆಗ ನಾನು ಇದನ್ನು ಓದಲೇ ಇಲ್ಲ. ಈಗ ಯಾರಾದರೂ ಹೆಡ್‌ಫೋನ್ ಕೊಂಡರೆ ಡಬ್ಬ ಎಸೆಯುವ ಮೊದಲು ಆ ಸ್ಟಿಕ್ಕರಿನ ಫೋಟೊ, ಪ್ಯಾಡ್ ಬಿಚ್ಚಿ ಒಳಬದಿಯ ಫೋಟೊ, ಎರಡನ್ನೂ ತೆಗೆದಿಟ್ಟುಕೊಳ್ಳಿ ಅಂತ ಹೇಳುತ್ತಿದ್ದೇನೆ. ಕೊಳ್ಳುವ ವಸ್ತುವಿನ ಗುಣಮಟ್ಟದ ಬಗ್ಗೆ ತಿಳಿಯುವ ಹಕ್ಕು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ, ಸಹಾಯವಾಣಿ 1915ಕ್ಕೆ ಫೋನೂ ಮಾಡಬಹುದು. ನಾನು ಮಾಡಲಿಲ್ಲ. ಹಣ ವಾಪಸ್ ನನಗೆ ಬೇಕಿರಲಿಲ್ಲ, ಮಾತು ಬೇಕಿತ್ತು.

ಸ್ಟಾರ್ ಕೊಡಲೇಬೇಕು ಅಂದರೆ ಹಳೆಯದಕ್ಕೆ ಐದಕ್ಕೆ ನಾಲ್ಕೂವರೆ. ಹೊಸದು ಕೆಟ್ಟದ್ದಲ್ಲ, ಹಾಡು ಕೇಳುವವರಿಗೆ ಆ ಚುರುಕು ಇಷ್ಟವೂ ಆಗಬಹುದು, ಮೂರೂವರೆ. ತಿಳಿಸಿದ ರೀತಿಗೆ ಒಂದು, ಅದೂ ಫೋನ್ ಮಾಡಿದ ಆ ಒಬ್ಬರ ಸಲುವಾಗಿ. ಬೀರುವಿನಲ್ಲಿದ್ದ ಪ್ಯಾಡನ್ನು ತಮ್ಮನಿಗೇ ಕೊಟ್ಟು ಕಳಿಸಿದೆ, ಈಗ ಅವನ ಪಾಠಗಳೂ ನನ್ನವೂ ಹೊಂದುತ್ತಿವೆ. ನನ್ನದು ಇನ್ನೊಂದು ವರ್ಷ ತಡೆಯಬಹುದು.

ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೆಯುತ್ತಿತ್ತು. 2019ರಲ್ಲಿ ಈ ಹೆಡ್‌ಫೋನಿಗೆ ಐದು ಸ್ಟಾರ್ ಕೊಟ್ಟು, ದನಿಯ ಕೆಲಸಕ್ಕೆ ಕಣ್ಣು ಮುಚ್ಚಿ ಕೊಳ್ಳಿ ಅಂತ ಆನ್‌ಲೈನ್ ಅಂಗಡಿಯಲ್ಲಿ ಬರೆದಿದ್ದೆ. ಅದು ಇವತ್ತಿಗೂ ಅದೇ ಪುಟದಲ್ಲಿದೆ. 214 ಜನ ಉಪಯೋಗವಾಯಿತು ಅಂತ ಒತ್ತಿದ್ದಾರೆ. ಅವರಲ್ಲಿ ಎಷ್ಟು ಜನರಿಗೆ ತೂತಿನ ಪ್ಯಾಡ್ ಬಂತು, ಎಷ್ಟು ಜನರಿಗೆ ಮುಚ್ಚಿದ ಪ್ಯಾಡ್ ಬಂತೋ. ನಾನು ಕೇಳಿಯೇ ಇರದ ವಸ್ತುವಿಗೆ ನನ್ನ ಮಾತು ಐದು ವರ್ಷದಿಂದ ಗ್ಯಾರಂಟಿ ನಿಂತಿದೆ. ಮೊನ್ನೆ ಭಾನುವಾರ ಅದನ್ನು ತೆರೆದು ಎಲ್ಲಕ್ಕಿಂತ ಮೇಲೆ ಒಂದು ಸಾಲು ಸೇರಿಸಿದ್ದೇನೆ: ಈ ಮಾತು ಅಕ್ಟೋಬರ್ 2018ರ ಸ್ಟಿಕ್ಕರ್ ಇರುವ ಹೆಡ್‌ಫೋನಿನದು, ಈಗ ಬರುತ್ತಿರುವುದರ ಪ್ಯಾಡ್ ಬೇರೆ.