ಕೇಬಲ್ ಕಣ್ಣೋ, ಹಡಗಿನ ಭೇಟಿಯೋ?

ಆಳ ಸಮುದ್ರದ ತಳವನ್ನು ವರ್ಷಾನುಗಟ್ಟಲೆ ಗಮನಿಸಲು ಯಾವ ದಾರಿ?

ಕೆನಡಾದ ವ್ಯಾಂಕೂವರ್ ದ್ವೀಪದಾಚೆ 2009ರಿಂದ ನೆಪ್ಚೂನ್ ಎಂಬ, ಸಮುದ್ರತಳದ ಕ್ಯಾಮೆರಾ-ಉಪಕರಣಗಳ ಜಾಲವಿದೆ. ಕರೆಂಟು, ಮಾಹಿತಿ ಎರಡೂ 800 ಕಿ.ಮೀ.ಗೂ ಉದ್ದದ ಕೇಬಲ್‌ನಲ್ಲೇ ಓಡುತ್ತವೆ. ವಿಡಿಯೋ ಆಗಿಂದಾಗಲೇ ದಡಕ್ಕೆ ಬರುತ್ತದೆ. ಏಡಿ, ಮೀನುಗಳ ದಿನದಿನದ ಓಡಾಟ ನೋಡಬೇಕಾದರೆ ಇದೇ ಸರಿ. ಆದರೆ ಕೇಬಲ್ ಮುಟ್ಟದ ಕಡೆ ಕಣ್ಣಿಲ್ಲ.

ಕ್ಯಾಲಿಫೋರ್ನಿಯಾದಾಚೆಯ ‘ಸ್ಟೇಷನ್ ಎಂ’ ಎಂಬ ಸಂಶೋಧನಾ ತಾಣದಲ್ಲಿ 1989ರಿಂದ ಅಧ್ಯಯನ ನಡೆದಿದೆ, ಸುಮಾರು 4,000 ಮೀಟರ್ ಆಳದಲ್ಲಿ. ಕ್ಯಾಮೆರಾ ಗಂಟೆಗೊಂದು ಫೋಟೋ ತೆಗೆಯುತ್ತದೆ. ಹಡಗು ಹೋಗಿ ಎತ್ತಿ ತರುವವರೆಗೂ ಕಾಯಬೇಕು, ಖರ್ಚೂ ಜಾಸ್ತಿ. ಆದರೂ ನನ್ನ ಮನಸ್ಸು ಇದರ ಕಡೆಗೇ. ಫೋಟೋಗಳನ್ನು ಸಾಲಾಗಿ ನೋಡಿ: ಸತ್ತ ಪಾಚಿಯ ಚೂರುಗಳು ಹಿಮದ ಹಾಗೆ ಉದುರಿ ಕೆಸರಿನ ಮೇಲೆ ಕೂರುತ್ತವೆ, ಸಮುದ್ರ ಸೌತೆ ಎಂಬ ಮೆತ್ತನೆಯ ಪ್ರಾಣಿಗಳು ಮೇಯುತ್ತಾ ಸಾಗುತ್ತವೆ. ಜೊತೆಗೆ ಹಡಗು ಕೆಸರನ್ನೂ ತರುತ್ತದೆ. ಅದರೊಳಗಿನ ಸಣ್ಣ ಹುಳುಗಳು ಯಾವ ಕ್ಯಾಮೆರಾಗೂ ಕಾಣುವುದಿಲ್ಲ, ಅಲ್ವಾ?