ಶಿಕ್ಷಕರ ತರಬೇತಿಗೆ ಅಘನಾಶಿನಿಯೋ, ಆಲಮಟ್ಟಿ ಹಿನ್ನೀರೋ?

ಬಾಗಲಕೋಟೆಯ ವಿಜ್ಞಾನ ಶಿಕ್ಷಕರಿಗೆ ಬಯಲು ತರಬೇತಿ ಯೋಚಿಸುತ್ತಿದ್ದೀರಾ? ಈ ಎರಡನ್ನೂ ತೂಗಿ ನೋಡಿ.

ಕುಮಟಾ ಬಳಿಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. ಇಲ್ಲಿ ಉಬ್ಬರ ಇಳಿತವೇ ಪಾಠ. ನೀರು ಏರಲು, ಇಳಿಯಲು ಸುಮಾರು ಆರಾರು ಗಂಟೆ ಬೇಕು. ಅಷ್ಟರಲ್ಲಿ ಒಂದೇ ಜಾಗದ ಉಪ್ಪಿನಂಶವನ್ನು ಮತ್ತೆ ಮತ್ತೆ ಅಳೆದು ಗ್ರಾಫ್ ಬರೆಯಬಹುದು. ಕೆಸರಿನಿಂದ ಮೇಲೆದ್ದ ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳನ್ನು ಮುಟ್ಟಿದರೆ, ಈ ಬೇರು ಗಾಳಿಗೇಕೆ ಬಂತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಕೆಸರಲ್ಲಿ ಆಮ್ಲಜನಕ ಕಡಿಮೆ, ಅಲ್ವಾ? ಪಕ್ಕದ ಗಜನಿ ಗದ್ದೆಗಳಲ್ಲಿ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಗಳಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತವಿದೆ. ಇಳಿತದಲ್ಲಿ ಚಿಪ್ಪಿ ಆರಿಸುವವರ ಅನುಭವವನ್ನಂತೂ ಕೇಳಲೇಬೇಕು. ಆದರೆ ದೂರ ಜಾಸ್ತಿ, ಉಳಿದುಕೊಳ್ಳುವ ಖರ್ಚೂ ಇದೆ.

ಆಲಮಟ್ಟಿ ಹಿನ್ನೀರು ಊರ ಪಕ್ಕದ್ದೇ. ಕೃಷ್ಣೆಯ ಸಿಹಿನೀರು, ಚಳಿಗಾಲದ ವಲಸೆ ಹಕ್ಕಿಗಳು. ಮಕ್ಕಳನ್ನೂ ಕರೆದೊಯ್ಯಬಹುದು, ತಿಂಗಳು ತಿಂಗಳು ಅಳೆಯಬಹುದು. ಕಾಂಡ್ಲಾ, ಉಬ್ಬರ ಮಾತ್ರ ಸಿಗುವುದಿಲ್ಲ.

ನನ್ನ ಆಯ್ಕೆ: ಶಿಕ್ಷಕರಿಗೆ ಮೊದಲು ಅಘನಾಶಿನಿ, ಆಮೇಲೆ ವರ್ಷವಿಡೀ ಆಲಮಟ್ಟಿ. ಅಘನಾಶಿನಿಗೆ ಮಳೆಗಾಲದಲ್ಲಿ ಹೋಗುವುದು ಬೇಡ. ಆಗ ಹೊಳೆಯ ನೀರು ನುಗ್ಗಿ ಅಳಿವೆಯ ಉಪ್ಪು ತೀರಾ ಇಳಿದಿರುತ್ತದೆ. ದಿನ ಗೊತ್ತುಮಾಡುವ ಮುನ್ನ ಉಬ್ಬರದ ವೇಳಾಪಟ್ಟಿ ನೋಡಿ, ಬೆಳಗಿನ ಇಳಿತ ಸಿಗುವ ದಿನವನ್ನೇ ಆರಿಸಿ.