ಪವರ್ ಸ್ಟೀರಿಂಗ್ ಬೆಲ್ಟ್ ಬದಲಿಸಿ ಮೂರು ವರ್ಷ: ಕಿರುಚಾಟ ಎರಡು ಸಲ ನಿಂತ ಕಥೆ

ನನ್ನ ಕಾರಿಗೆ ಈಗ 17 ವರ್ಷ. ಮೂರು ವರ್ಷದ ಹಿಂದೆ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸಾಕು, ಬಾನೆಟ್ ಒಳಗಿಂದ ಕೀಂಯ್ ಅಂತ ಕಿರುಚುತ್ತಿತ್ತು. ಪಾರ್ಕ್ ಮಾಡುವಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿದರಂತೂ ದಾರಿಯಲ್ಲಿ ಹೋಗುವವರೂ ನಿಂತು ನೋಡುತ್ತಿದ್ದರು. ಆಗ ಸ್ಟೀರಿಂಗ್ ಹಗುರ ಮಾಡುವ ಎಣ್ಣೆ ಪಂಪಿನ ಮೇಲೆ ಒತ್ತಡ ಜಾಸ್ತಿ, ಅದನ್ನು ತಿರುಗಿಸುವ ಬೆಲ್ಟ್ ಸಡಿಲವಿದ್ದರೆ ಜಾರುತ್ತದೆ.

ಮೊದಲು ಬೆಲ್ಟ್ ಸ್ಪ್ರೇ ಹೊಡೆದೆ. ಎರಡು ದಿನ ಸುಮ್ಮನಿತ್ತು. ಆಮೇಲೆ ಅದೇ ಅಂಟಿಗೆ ಧೂಳು ಮೆತ್ತಿಕೊಂಡು ಇನ್ನೂ ಹಾಳಾಯಿತು. ಸುಮ್ನೆ ದುಡ್ಡು ದಂಡ. ನಂತರ ಎಂಜಿನ್ ಓಡುತ್ತಿರುವಾಗ, ಕೈ ದೂರ ಇಟ್ಟುಕೊಂಡು, ಬೆಲ್ಟಿನ ಒಳಮೈಯಲ್ಲಿರುವ ಉದ್ದುದ್ದ ಗೀರುಗಳ ಕಡೆಗೆ ಸ್ವಲ್ಪ ನೀರು ಚಿಮುಕಿಸಿದೆ. ಸದ್ದು ಜಾಸ್ತಿಯಾಯಿತು. ಹಾಗಾದರೆ ಬೆಲ್ಟ್ ಜಾರುತ್ತಿದೆ ಅಂತ. ನೀರಿಗೆ ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಬಂದರೆ ಪುಲ್ಲಿಗಳು, ಅಂದರೆ ಬೆಲ್ಟ್ ಸುತ್ತುವ ಚಕ್ರಗಳು, ಒಂದೇ ಸಾಲಿನಲ್ಲಿಲ್ಲ ಅನ್ನುವ ಅನುಮಾನ ಪಡಬೇಕು.

ಹಳೆ ಬೆಲ್ಟಿನ ಬೆನ್ನ ಮೇಲೆ 4ಪಿಕೆ 890 ಅಂತಿತ್ತು. ನಾಲ್ಕು ಗೀರು, 890 ಮಿ.ಮೀ. ಉದ್ದ. ಅದೇ ಅಳತೆಯ, ಇಪಿಡಿಎಂ ಅನ್ನುವ ಕೃತಕ ರಬ್ಬರಿನದು ತಂದೆ. ಹಾಕಿದ್ದು ನಾನೇ: ಪಂಪಿನ ಬೋಲ್ಟ್ ಸಡಿಲಿಸಿ, ಬೆಲ್ಟ್ ಬಿಗಿ ಮಾಡುವ ಅಡ್ಜಸ್ಟರ್ ತಿರುಗಿಸಿ, ಅರ್ಧ ಗಂಟೆ ಕೆಲಸ. ಆದರೆ ಪ್ಯಾಕೆಟ್ ಮೇಲೆ ಎಷ್ಟು ಬಿಗಿ ಮಾಡಬೇಕು ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಾರಿನ ಮ್ಯಾನುಯಲ್ ತೆರೆದು ನೋಡಬೇಕಾಯಿತು.

ಹನ್ನೆರಡನೇ ದಿನ ಮತ್ತೆ ಕೀಂಯ್! ಹೊಸ ಬೆಲ್ಟೇ ಡೂಪ್ಲಿಕೇಟು ಅಂತ ಬೈದುಕೊಂಡೆ. ತಪ್ಪು ನನ್ನದೇ. ಹೊಸ ಬೆಲ್ಟ್ ಪುಲ್ಲಿಗೆ ಕೂತುಕೊಂಡ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ಮತ್ತೊಮ್ಮೆ ಬಿಗಿ ಮಾಡಲೇಬೇಕು. ಅದರ ಜೊತೆ ಪಂಪಿನ ಪೈಪಿನ ಜಾಯಿಂಟಿನಿಂದ ಎಣ್ಣೆ ಜಿನುಗಿ ಪುಲ್ಲಿಯ ಗೀರಿಗೆ ಇಳಿದಿತ್ತು. ಬೆಲ್ಟ್ ಹಾಕುವ ದಿನ ಪುಲ್ಲಿ ಒರೆಸುವ ಯೋಚನೆಯೇ ಬಂದಿರಲಿಲ್ಲ ನೋಡಿ. ಜಾಯಿಂಟ್ ಸರಿ ಮಾಡಿಸಿ, ಪುಲ್ಲಿಯನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಬಿಗಿ ಮಾಡಿದೆ.

ಅಲ್ಲಿಂದ ಇವತ್ತಿನವರೆಗೆ, ಮಳೆಗಾಲದಲ್ಲೂ, ಒಂದು ಸಲವೂ ಕಿರುಚಿಲ್ಲ. ಈ ಬೆಲ್ಟಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಆ ಖಾಲಿ ಪ್ಯಾಕೆಟ್ಟಿಗೆ ಕಟ್.

ಬಿರುಕಿಲ್ಲ ಅಂತ ನಾನೀಗ ನೆಮ್ಮದಿಯಾಗಿ ಕೂರುವುದಿಲ್ಲ. ಈ ರಬ್ಬರ್ ಹಳೇ ಬೆಲ್ಟುಗಳ ಹಾಗೆ ಬೇಗ ಬಿರಿಯುವುದಿಲ್ಲ, ಟೈರಿನ ಹಾಗೆ ಸವೆಯುತ್ತದೆ. ಹಾಗಾಗಿ ಗೀರು ಎಷ್ಟು ಆಳ ಉಳಿದಿದೆ ಅಂತ ಟಾರ್ಚ್ ಹಿಡಿದು ನೋಡುತ್ತೇನೆ. ಹೋದ ತಿಂಗಳು ಸ್ಟೀರಿಂಗ್ ತಿರುಗಿಸುವಾಗ ಗುಂಯ್ ಅಂತ ಬೇರೆಯೇ ಸದ್ದು ಬಂತು. ಈ ಸಲ ಬೆಲ್ಟಿಗೆ ಕೈ ಹಾಕಲಿಲ್ಲ, ಮೊದಲು ಪವರ್ ಸ್ಟೀರಿಂಗ್ ಎಣ್ಣೆಯ ಡಬ್ಬಿ ನೋಡಿದೆ. ಮಟ್ಟ ಕಡಿಮೆಯಾಗಿತ್ತು.